ಬರಿಗಂಠದ ಮನೆಯಲ್ಲಿ ಇಂದಕ್ಕ

ಕೊಪ್ಪಳ, ಕ್ರಿ.ಶ. ೨೧೯೪, ಫೆಬ್ರುವರಿ ೩೦

ನಮಗಿಂತ ಬಹಳ ಹಿಂದೆ ಬಾಳುತ್ತಿರುವ ಹಿರಿಯರಿಗೆ ಶಾಲ್ಮಲಾ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಲ್ಲ. ಫೆಬ್ರುವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಬರೆಯಲು ಕಾರಣ ನನ್ನ ಅಕ್ಕ ಇಂದುಮತಿ. ಅವಳ ವಿಷಯವನ್ನು ಇಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ, ಇನ್ನು ಉಳಿದವರು ನೀವೇ.

ಇಂದಕ್ಕ ಹೆಸರಾದ ಹಾಡುಗಾರ್ತಿ. ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಅವಳ ದನಿ ಒಡೆಯಿತು. ನಮ್ಮಲ್ಲಿ ಅದಕ್ಕೊಂದು ಉಪಾಯವಿದೆ. ಕೊರಳಿಗೆ ಅಂಟಿಸಿಕೊಳ್ಳುವ, ಅಂಗಿಯ ಗುಂಡಿಯಷ್ಟು ಚಿಕ್ಕ ಯಂತ್ರ, ಸ್ವರಗಾವಲು ಅನ್ನುತ್ತೇವೆ. ಬಾಯಿಂದ ಎಂಥ ಸ್ವರ ಹೊರಟರೂ ಕೇಳುವವರಿಗೆ ಅದು ತಿದ್ದಿದ ಸ್ವರವನ್ನೇ ಮುಟ್ಟಿಸುತ್ತದೆ. ಈಗ ಹಾಡುವವರೆಲ್ಲ ಅದನ್ನು ಹಾಕಿಕೊಳ್ಳುತ್ತಾರೆ. ಅಕ್ಕ ಹಾಕಿಕೊಳ್ಳಲಿಲ್ಲ, ಹಾಡುವುದನ್ನೇ ಬಿಟ್ಟಳು.

ಅವಳು ಮಂಕಾಗಿ ಕೂತಿದ್ದನ್ನು ನೋಡಲಾರದೆ, ಎರಡು ದಿನ ತಿಂದು ಕುಡಿದು ತಿರುಗಾಡಿ ಬರೋಣವೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ನೆಲದೊಳಗೆ ಓಡುವ ಕೊಳವೆಬಂಡಿಯಲ್ಲಿ ಕೂತು ಒಂದು ಹಿಡಿ ಶೇಂಗಾ ತಿನ್ನುವಷ್ಟರಲ್ಲಿ ಊರು ಬಂತು. ಗಿರಮಿಟ್ಟು, ಮಿರ್ಚಿ, ಖಡಕ್ ರೊಟ್ಟಿ, ಎಣಗಾಯಿ: ಎಲ್ಲ ನಿಮ್ಮ ಕಾಲದವೇ, ಉಳಿಸಿಕೊಂಡಿದ್ದೇವೆ. ಆ ಊರಿನ ಈಗಿನ ಹೆಮ್ಮೆ ಜೋಳದ ಬಿಯರು. ಮೊಳಕೆ ಬರಿಸಿದ ಬಿಳಿಜೋಳ ಹುರಿದು ಮಾಡುತ್ತಾರೆ, ಮಣ್ಣಿನ ಲೋಟದಲ್ಲಿ ಕೊಡುತ್ತಾರೆ. ಮೂಗಿನ ಹತ್ತಿರ ತಂದರೆ ಹೆಂಚಿನ ಮೇಲೆ ಸೀದ ರೊಟ್ಟಿಯ ವಾಸನೆ. ಅಕ್ಕ ಇನ್ನೊಂದು ಲೋಟ ಕೇಳಿದಾಗ ನನಗೆ ಜೀವ ಬಂದಂತಾಯಿತು.

ಮರುದಿನ ಸಂಜೆ ಬರಿಗಂಠದ ಮನೆಗೆ ಹೋದೆವು. ಸ್ವರಗಾವಲನ್ನು ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಹೋಗಬೇಕಾದ ಬಿಯರ್ ಅಂಗಡಿಗೆ ಹುಬ್ಬಳ್ಳಿಯವರು ಇಟ್ಟ ಹೆಸರು ಅದು. ಅಲ್ಲಿ ಯಾರು ಬೇಕಾದರೂ ಎದ್ದು ಹಾಡಬಹುದು. ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ದಸ್ತಗೀರಣ್ಣ ಅಕ್ಕನ ಗುರುತು ಹಿಡಿದರು.

"ಇಂದುಮತಿಯವ್ರಲ್ಲೇನ್ರಿ? ಬರ್ರಿ, ಒಂದ್ ಹಾಡ್ರಿ."

"ದನಿ ಹೋಗೇತ್ರಿ," ಅಂದಳು ಅಕ್ಕ.

"ಮಾತಾಡಾಕತ್ತೀರಲ್ರಿ. ಅದರಾಗ ಹಾಡ್ರಿ."

ಜನರ ಮುಂದೆ ಅವಳು ನೋಯುವುದು ನನಗೆ ಬೇಕಿರಲಿಲ್ಲ, ಕೈ ಹಿಡಿದೆ. ಬಿಡಿಸಿಕೊಂಡು ಎದ್ದಳು. ಎತ್ತಿಕೊಂಡದ್ದು ಒಂದು ಬೀಸುವ ಹಾಡು. ಬೀಸುವ ಕಲ್ಲು ಕಂಡವರು ನಮ್ಮಲ್ಲಿ ಯಾರೂ ಇಲ್ಲ, ಹಾಡು ಮಾತ್ರ ಉಳಿದಿದೆ. ಮೇಲಿನ ಸ್ವರಕ್ಕೆ ಹೋದಾಗ ದನಿ ಬರಲಿಲ್ಲ, ಬರೀ ಗಾಳಿ. ಮಂದಿ ಲೋಟ ಕೆಳಗಿಟ್ಟರು. ಇನ್ನು ಬಂದು ಕೂರುತ್ತಾಳೆ ಅಂದುಕೊಂಡೆ. ಅವಳು ದಸ್ತಗೀರಣ್ಣನ ಕಡೆ ತಿರುಗಿ, "ಇನ್ನೊಂದೀಟ ಕೆಳಗ ಹಿಡೀರಿ," ಅಂದಳು. ಅವರು ಶ್ರುತಿ ಇಳಿಸಿದರು. ಅಲ್ಲೂ ಆಗಲಿಲ್ಲ. "ಇನ್ನೂ ಕೆಳಗ್ರಿ."

ಗಂಡಸರೂ ಅಷ್ಟು ಕೆಳಗೆ ಹಾಡುವುದು ಅಪರೂಪ. ಅಲ್ಲಿ ಅವಳ ದನಿಗೆ ನೆಲೆ ಸಿಕ್ಕಿತು. ಒರಟು ದನಿ, ನಾನು ಎಂದೂ ಕೇಳದ ದನಿ. ಪೂರ್ತಿ ಹಾಡಿದಳು. ಕುಡಿಯುತ್ತ ಕೂತವರು ತಮತಮಗೆ ತೋಚಿದಂತೆ ಸೊಲ್ಲು ಕೂಡಿಸಿದರು. ಅವಳು ಬಂದು ಕೂತು ನನ್ನ ಮುಖ ನೋಡಿ, "ಅಳಬ್ಯಾಡ. ಬಿಯರ್ ಬೆಚ್ಚಗಾಗೇತಿ, ಬ್ಯಾರೇದು ತರಸ," ಅಂದಳು.

ಈಗ ಅವಳು ವಾರವಾರ ಅಲ್ಲಿ ಹಾಡುತ್ತಾಳೆ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ದನಿ ತಿದ್ದುವ ಯಂತ್ರಗಳನ್ನು ಬೇಕಾದರೆ ಬಳಸಿ. ಆದರೆ ಮನೆಯಲ್ಲಿ ಯಾರಾದರೂ ಅಡುಗೆ ಮಾಡುತ್ತ ತಪ್ಪುತಪ್ಪಾಗಿ ಹಾಡಿಕೊಂಡರೆ, ಸುಮ್ಮನಿರು ಎನ್ನಬೇಡಿ. ಅಂಥವರ ಬಾಯಿಂದ ಬಾಯಿಗೆ ಬಂದೇ ಆ ಬೀಸುವ ಹಾಡು ನಮ್ಮ ಅಕ್ಕನನ್ನು ಮುಟ್ಟಿದ್ದು.

ಇಂದುಮತಿಯ ತಂಗಿ,
ಶಾಲ್ಮಲಾ