ರೊಟ್ಟಿಯ ತಪ್ಪಲ್ಲ

ಕದರಮಂಡಲಗಿ, ಭಾನುವಾರ

ಬ್ಯಾಡಗಿಯ ಅತ್ತೆಯವರಿಗೆ ಸೊಸೆ ಸುಶ್ಮಿತಾಳ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ, ಅದಕ್ಕೇ ನಿಮ್ಮ ಮಗನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಕೈ ನಡುಗುತ್ತದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನನ್ನನ್ನು ತವರಿಗೆ ಕರೆತರುವಾಗ ಅವ್ವ ನಿಮ್ಮ ಓಣಿಯವರೆದುರು, “ನನ್ನ ಮಗಳನ್ನ ಉಪಾಸ ಕೆಡವಿ ಕಡ್ಡಿ ಮಾಡೀರಿ” ಎಂದು ನಿಮ್ಮ ಮೇಲೆ ಒದರಿದಳು. ಇಲ್ಲಿ ಅವಳೇ ಬಡಿಸಿದಳು. ಎಷ್ಟು ರೊಟ್ಟಿ ತಿಂದರೂ ಹಸಿವು, ಆದರೂ ಇನ್ನಷ್ಟು ಸೊರಗಿದೆ. ಹಾವೇರಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದರು. ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ತಿಂದದ್ದು ಮೈಗೆ ಹತ್ತದಿರುವುದು ಎಲ್ಲವೂ ಅದರಿಂದಲೇ ಅಂತೆ. ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ನನಗೆ ಬರುತ್ತಿದ್ದ ಬೆವರನ್ನು ನಾವಿಬ್ಬರೂ ಘಾಟಿನದೆಂದುಕೊಂಡಿದ್ದೆವು.

ಗುಳಿಗೆ ಶುರುವಾಗಿದೆ, ಸುಸ್ತು ಹೋಗಿಲ್ಲ. ಬುಧವಾರ ಬರುತ್ತೇನೆ. ಕೆಲವು ದಿನ ನನ್ನನ್ನು ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಬೇಡಿ.

ಅವ್ವನೂ ಬರುತ್ತಾಳೆ. ಅವಳ ಪರವಾಗಿ ತಪ್ಪಾಯಿತೆಂದು ಬರೆಯಹೊರಟೆ. ಪಕ್ಕದಲ್ಲೇ ಕುಳಿತಿದ್ದವಳು ಕೈ ಹಿಡಿದಳು: “ಅದನ್ನ ನೀ ಬರಿಬ್ಯಾಡ. ಓಣ್ಯಾಗ ಬೈದೇನಿ, ಓಣ್ಯಾಗ ನಿಂತ ತಪ್ಪಾತು ಅಂತೇನಿ.”

ನಿಮ್ಮ ಸೊಸೆ,
ಸುಶ್ಮಿತಾ