ಕಲ್ಲಿದ್ದಲು ಓಣಿಯ ತೆರೆದ ಬಾಗಿಲುಗಳು

ಕಲ್ಲಿದ್ದಲು ಓಣಿ, ಹುಬ್ಬಳ್ಳಿ
ಎರಡನೆಯ ಬೇಸಿಗೆ, ೨೧೮೮

ಹುಲಿಗೆವ್ವನವರಿಗೆ ಕಾಶವ್ವ ಗೋಕಾವಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದು ಬಿಸಾಡಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ನಿಮಗೆ ಗೊತ್ತಿರುವಂಥದೇ. ಎರಡನೆಯದು ದಸರೆಯ ಹೊತ್ತಿಗೆ ಶುರುವಾಗಿ ಸಂಕ್ರಾಂತಿಯ ತನಕ ಸುಡುತ್ತದೆ. ನನ್ನ ಬರವಣಿಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಹುಬ್ಬಳ್ಳಿಯ ಉಳಿದ ಕಡೆ ಜನ ಆಡುವ ಕನ್ನಡ ನಿಮಗೆ ಅರ್ಥವೇ ಆಗಲಿಕ್ಕಿಲ್ಲ. ನಮ್ಮ ಓಣಿಯವರು ಮಾತ್ರ ನಿಮ್ಮ ಕಾಲದ ಮಾತನ್ನೇ ಆಡಬೇಕೆಂದು ಕಟ್ಟಳೆ ಇದೆ. ಅದೊಂದು ಕಟ್ಟಳೆಯಿಂದ ನನಗೆ ಆದ ಉಪಕಾರವೆಂದರೆ ಈ ಕಾಗದ ಬರೆಯಲು ಬಂದದ್ದು.

ನಾನು ನಿಮ್ಮ ರಕ್ತಸಂಬಂಧಿಯಲ್ಲ. ನೀವು ಈಗ ಇರುವ ಮನೆಯಲ್ಲಿ, ನಿಮ್ಮ ಕಾಲದಿಂದ ನೂರರವತ್ತು ವರ್ಷ ಆಚೆ, ಬಾಳುವೆ ಮಾಡುತ್ತಿರುವವಳು. ನಿಮಗೀಗ ಇಪ್ಪತ್ತೆರಡು ವಯಸ್ಸಿರಬೇಕು. ರೈಲ್ವೆ ಗೋಡೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದಾವಲಸಾಬ ಮತ್ತು ಇನ್ನಿಬ್ಬರು ಗೆಳೆಯರ ಜೊತೆ ಹಾಡು ಕಟ್ಟುತ್ತಿದ್ದೀರಿ. ನಿಮ್ಮ ಬ್ಯಾಂಡಿಗೆ ‘ಹಳಿ ತಪ್ಪಿದವರು’ ಎಂದು ನೀವೇ ಹೆಸರಿಟ್ಟುಕೊಂಡು ನಕ್ಕಿದ್ದೀರಿ. ಓಣಿಯ ಹಿರಿಯರು ಬೈಯುತ್ತಿದ್ದಾರೆ. ಚಿಂತೆ ಮಾಡಬೇಡಿ, ನೀವು ದೊಡ್ಡ ಹೆಸರು ಮಾಡುತ್ತೀರಿ. ನಿಮ್ಮ ದನಿ ಗೊತ್ತಿಲ್ಲದ ಮನೆ ಈ ನಾಡಿನಲ್ಲಿ ಇರುವುದಿಲ್ಲ. ಇದನ್ನು ಓದಿ ನಿಮಗೆ ಸಂತೋಷವಾಗುತ್ತದೆ, ಆಗಲಿ. ನಾನು ಮಾತ್ರ ಸಂತೋಷಕ್ಕೆ ಬರೆಯುತ್ತಿಲ್ಲ. ಹೇಸಿಗೆ ತಡೆಯಲಾರದೆ ಬರೆಯುತ್ತಿದ್ದೇನೆ.

ನಮ್ಮ ಓಣಿಯಲ್ಲಿ ದಿನವೂ ‘ನೆಪ್ಪಿನ ನಡಿಗೆ’ ನಡೆಯುತ್ತದೆ. ದೂರದೂರದಿಂದ ಬಂದವರು ಗುಂಪುಗುಂಪಾಗಿ, ಒಬ್ಬ ನಡೆಸುಗಾರನ ಹಿಂದೆ, ನಿಮ್ಮ ಬ್ಯಾಂಡು ಹುಟ್ಟಿ ಬೆಳೆದ ಜಾಗಗಳನ್ನು ನೋಡುತ್ತ ಹೋಗುತ್ತಾರೆ. ಎಲ್ಲರ ಕಿವಿಯಲ್ಲೂ ಕಿವಿಬೀಜ ಇರುತ್ತದೆ. ಅದು ಕಡಲೆಕಾಳಿನಷ್ಟು ಇರುವ ಯಂತ್ರ, ನಿಂತ ಜಾಗಕ್ಕೆ ತಕ್ಕ ಹಾಡನ್ನೋ ಕಥೆಯನ್ನೋ ಕೇಳಿಸುತ್ತದೆ. ನಡಿಗೆಯನ್ನು ನಡೆಸುವುದು ನೆನಪು ಮಂಡಳಿ. ಓಣಿ ನಿಮ್ಮ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕೆಂಬುದು ಮಂಡಳಿಯ ತದ್ರೂಪ ಕಟ್ಟಳೆ. ಊರಿನ ಪ್ರತಿ ಮನೆಗೂ ಈಗ ತಂಪುಗೋಡೆ ಇದೆ. ಒಳಗೆ ನೀರು ಹರಿದು ಕೋಣೆಯ ಕಾವನ್ನೆಲ್ಲ ಹೀರುವ ಗೋಡೆ ಅದು, ಅದಿಲ್ಲದೆ ಎರಡನೆಯ ಬೇಸಿಗೆಯಲ್ಲಿ ಯಾರೂ ಮಲಗುವುದಿಲ್ಲ. ನಮ್ಮ ಓಣಿಗೆ ಮಾತ್ರ ಅದಿಲ್ಲ, ಯಾಕೆಂದರೆ ನಿಮಗೆ ಇರಲಿಲ್ಲ. ನಾವು ಪ್ಲಾಸ್ಟಿಕ್ ಕೊಡದಲ್ಲಿ ನೀರು ಹೊರುತ್ತೇವೆ. ನಡಿಗೆಯ ಹೊತ್ತಿಗೆ ನಳದ ಹತ್ತಿರ ಇಬ್ಬರು ಹೆಂಗಸರು ಜಗಳ ಆಡಬೇಕು, ಅದಕ್ಕೂ ಪಾಳಿ ಇದೆ. ಬಾಗಿಲುಗಳು ತೆರೆದೇ ಇರಬೇಕು. ಇದನ್ನೆಲ್ಲ ಸಹಿಸಿಕೊಂಡು ಯಾಕೆ ಇದ್ದೀರಿ ಎಂದು ನೀವು ಕೇಳಬಹುದು. ಊರೊಳಗೆ ಮನೆ ಬಿಟ್ಟವರಿಗೆ ಇನ್ನೊಂದು ಮನೆ ಸಿಗುವುದಿಲ್ಲ, ಬಯಲಿನ ಬಿಡಾರಗಳಿಗೆ ಹೋಗಬೇಕು. ಅಲ್ಲಿಯ ಬಿಸಿಲು ನಾನು ಬರೆದರೆ ನಿಮಗೆ ನಂಬಿಕೆಯಾಗುವುದಿಲ್ಲ.

ನಿಮ್ಮ ಮನೆಯ ಮುಂದಿನ ಗಟಾರದ ಬಗ್ಗೆ ಹೇಳಲೇಬೇಕು. ಊರಿನ ಗಟಾರಗಳೆಲ್ಲ ನೆಲದಡಿ ಹೋಗಿ ಎಷ್ಟೋ ಕಾಲವಾಯಿತು. ನಮ್ಮದನ್ನು ಮಂಡಳಿಯವರು ತೆರೆದೇ ಇಟ್ಟಿದ್ದಾರೆ. ಅದರಲ್ಲಿ ಹರಿಯುವುದು ಸೋಸಿದ ನೀರು, ಬಣ್ಣ ಬೆರೆಸಿ ಕಪ್ಪು ಮಾಡಿದ್ದು. ಅದು ನಾರುವುದಿಲ್ಲವೆಂದು ಬಂದವರು ದೂರು ಹೇಳಿದ್ದರಿಂದ, ಅಂಚಿಗೆ ವಾಸನೆಗೊಳವೆಗಳನ್ನು ಕೂರಿಸಿದ್ದಾರೆ. ಗುಂಪು ಹತ್ತಿರ ಬಂದೊಡನೆ ಅವು ಬುಸ್ ಎಂದು ಹೊಲಸು ನಾತ ಬಿಡುತ್ತವೆ. ಬಂದವರು ಕಣ್ಣು ಮುಚ್ಚಿ, ಊದಿನಕಡ್ಡಿಯ ಹೊಗೆಯನ್ನು ಎಳೆದುಕೊಳ್ಳುವ ಹಾಗೆ, ಆ ನಾತವನ್ನು ಎಳೆದುಕೊಳ್ಳುತ್ತಾರೆ. ಅವರು ಹೋದ ಮೇಲೆ ಅದು ನಮ್ಮ ಅಡುಗೆಮನೆಯಲ್ಲಿ ಉಳಿಯುತ್ತದೆ, ರೊಟ್ಟಿಗೂ ಹತ್ತುತ್ತದೆ. ಮೂಲೆಯ ಅಂಗಡಿಯಲ್ಲಿ ಕರ್ರಗಾದ ಎಣ್ಣೆಯಲ್ಲಿ ಮಿರ್ಚಿ ಕರಿದು ಕೊಡುತ್ತಾರೆ. ಒಂದು ತುತ್ತು ಕಚ್ಚಿ, ‘ಆಗಿನ ರುಚಿ’ ಎಂದು ಹೇಳಿ, ಅದನ್ನು ನಮ್ಮ ಹೊಸ್ತಿಲ ಹತ್ತಿರ ಉಗುಳಿ ಹೋಗುತ್ತಾರೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯ ನನ್ನ ಕಿಟಕಿಯ ಕೆಳಗಿನ ಸುಣ್ಣವನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. ನಾನು ಒಳಗೆ ಕೂತು ಊಟ ಮಾಡುತ್ತಿದ್ದೆ. ತಟ್ಟೆ ಸರಿಸಿ ಎದ್ದೆ.

ಇದೆಲ್ಲ ನುಂಗಿಕೊಂಡು ಇದ್ದೆವು. ಆದರೆ ಹೋದ ಬೇಸಿಗೆಯಲ್ಲಿ ನಡೆದದ್ದನ್ನು ನುಂಗಲು ಆಗಲಿಲ್ಲ.

ಎದುರುಮನೆಯ ಜೈನಾಬಿ ನಿಮ್ಮ ದಾವಲಸಾಬನ ವಂಶದವಳು. ಅವಳ ಗಂಡ ಮೋದೀನ ನಾನು ದುಡಿಯುವ ನೀರು ಸೋಸುವ ಕೇಂದ್ರದಲ್ಲಿಯೇ ಕೆಲಸಕ್ಕಿದ್ದಾನೆ. ಅವಳಿಗೆ ಚೊಚ್ಚಲ ಬಸಿರು. ದಿನ ತುಂಬಿರಲಿಲ್ಲ. ತಂಪುಗೋಡೆ ಹಾಕಿಸಿಕೊಡಿ ಎಂದು ಗಂಡಹೆಂಡಿರು ಮಂಡಳಿಯನ್ನು ಕೇಳಿದ್ದರು. ಕಟ್ಟಳೆ ಸಡಿಲಿಸಲು ಬರುವುದಿಲ್ಲ, ಬೀಸಣಿಗೆ ಕೊಡುತ್ತೇವೆ ಎಂದರು. ನಿಮ್ಮ ಕಾಲದ ಮಾದರಿಯ ತಾಳೆಗರಿಯ ಬೀಸಣಿಗೆ ಬಂತು. ಅವತ್ತು ಮುಂಜಾನೆ ಕಾವು ಏರಿದ ಹಾಗೆ ಅವಳಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಮೋದೀನ ಕೆಲಸಕ್ಕೆ ಹೋಗಿದ್ದ, ನನಗೆ ರಜೆ ಇತ್ತು. ಅವಳ ಚೀರಾಟ ಕೇಳಿ ನಾನು ಓಡಿದೆ, ಹಿಂದಿನ ಮನೆಯ ಫಕೀರವ್ವನೂ ಬಂದಳು. ದವಾಖಾನೆಗೆ ಹೇಳಿ ಕಳಿಸಿದೆವು. ನಡಿಗೆ ನಡೆದಿರುವಾಗ ಹೊಸ ಕಾಲದ ಗಾಡಿ ಓಣಿಯೊಳಗೆ ಬರುವಂತಿಲ್ಲ, ಮುಗಿಯುವ ತನಕ ತಡೆಯಿರಿ ಎಂದು ಉತ್ತರ ಬಂತು. ಕೂಸಿಗೆ ತಡೆಯಲು ಹೇಳುವವರು ಯಾರು?

ಅಷ್ಟರಲ್ಲಿ ಗುಂಪು ಬಂದೇಬಿಟ್ಟಿತು. ನಡೆಸುಗಾರ ಉದಿತ ಎಂಬುವನು, ನಮ್ಮ ಮಾತನ್ನು ತರಬೇತಿಯಲ್ಲಿ ಕಲಿತವನು. ಗುಂಪನ್ನು ದಾವಲಸಾಬ ಡಬ್ಬಿ ಬಡಿಯುತ್ತಿದ್ದ ಕಟ್ಟೆಯ ಹತ್ತಿರ ನಿಲ್ಲಿಸಿದ. ಆ ಕಟ್ಟೆ ಜೈನಾಬಿಯ ಬಾಗಿಲಿಗೆ ಹೊಂದಿಕೊಂಡೇ ಇದೆ. ಒಳಗಿಂದ ಅವಳು ಕೂಗಿದಳು. ಎಲ್ಲರೂ ಕಟ್ಟೆ ಬಿಟ್ಟು ಬಾಗಿಲಿಗೆ ಬಂದು ಕತ್ತು ಚಾಚಿದರು. ನಾನು ಬಾಗಿಲು ಹಾಕಲು ಹೋದರೆ ಉದಿತ ಕೈ ಅಡ್ಡ ಹಿಡಿದ.

“ಬಾಗ್ಲಾ ಹಾಕಬ್ಯಾಡ್ರಿ ಅಕ್ಕಾರ. ನಡಿಗಿ ಹೊತ್ತಿನ್ಯಾಗ ತೆರದಿರಬೇಕು, ನಿಮಗ ಗೊತ್ತೈತಲ್ಲ.”

“ನಿನ್ನ ನಡಿಗಿಗಿಷ್ಟು ಬೆಂಕಿ ಹಚ್ಚಲಿ! ಹೆಣ್ಮಗಳೊಬ್ಬಾಕಿ ಹಡ್ಯಾಕತ್ತಾಳ, ಕಣ್ಣಿಗೆ ಕಾಣವಲ್ದೇನು? ನಿಮ್ಮ ಅವ್ವ ಹಡಿಯೂ ಮುಂದ ಹಿಂಗs ಮಂದಿ ಕರದು ತೋರಿಸಿದ್ರೇನು?”

ನಾನು ಹೀಗೆಂದದ್ದೇ ತಡ, ಆ ಮಂದಿ ಚಪ್ಪಾಳೆ ತಟ್ಟಿದರು. ದೇವರಾಣೆ, ಚಪ್ಪಾಳೆ ತಟ್ಟಿದರು. ನಳದ ಜಗಳದ ಹಾಗೆ ಇದೂ ಒಂದು ಪಾಳಿಯ ಆಟ ಎಂದುಕೊಂಡಿದ್ದರು. ಮುಂದೆ ನಿಂತಿದ್ದ ಒಬ್ಬ ಹೆಂಗಸು ಉದಿತನನ್ನು ಕೇಳಿದಳು, “ಇದು ದಿನಾ ಇರತೈತೇನ್ರಿ?” ಅವಳೂ ಪ್ರವಾಸಕ್ಕೆಂದು ನಮ್ಮ ನಾಲ್ಕು ಮಾತು ಕಲಿತು ಬಂದಿದ್ದಳು. ಉದಿತನಿಗೆ ನಿಜ ಗೊತ್ತಿತ್ತು. ಅವನ ಮುಖ ಬಿಳಚಿಕೊಂಡದ್ದನ್ನು ನಾನು ಕಂಡೆ. ಆದರೂ ಅವನು, “ಇವತ್ತ ನಿಮ್ಮ ನಸೀಬರಿ” ಎಂದು ನಕ್ಕ. ಆ ನಗೆಯನ್ನು ನಾನು ಈಗಲೂ ಕ್ಷಮಿಸಿಲ್ಲ. ಏನೂ ತಿಳಿಯದೆ ಚಪ್ಪಾಳೆ ತಟ್ಟಿದವರನ್ನಾದರೂ ಕ್ಷಮಿಸಬಹುದು.

ಫಕೀರವ್ವ ಉಟ್ಟ ಸೀರೆಯನ್ನೇ ಬಿಚ್ಚಿ ನನ್ನ ಕೈಗೆ ಒಂದು ತುದಿ ಕೊಟ್ಟಳು. ಬಾಗಿಲಿಗೆ ಅಡ್ಡವಾಗಿ ಹಿಡಿದೆವು. ಸುದ್ದಿ ತಿಳಿದು ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಆ ಮರೆಯಲ್ಲಿ, ಲಂಗದಲ್ಲೇ ಕೂತು, ಫಕೀರವ್ವ ಕೂಸನ್ನು ಕೈಗೆ ತೆಗೆದುಕೊಂಡಳು. ಹೆಣ್ಣುಕೂಸು, ಅಂಗೈ ಅಗಲದ್ದು. ಅದು ಅಳಲು ಬಹಳ ಹೊತ್ತು ಮಾಡಿತು. ಅತ್ತಾಗ ನಾವೂ ಅತ್ತೆವು. ಹೊರಗೆ ಮತ್ತೊಮ್ಮೆ ಚಪ್ಪಾಳೆ ಕೇಳಿಸಿತು.

ಕೂಸಿಗೆ ಹಸೀನಾ ಎಂದು ಹೆಸರಿಟ್ಟರು. ಅದರ ಮೈಯೆಲ್ಲ ಕಾವಿನ ಗುಳ್ಳೆ, ಜ್ವರ ಇಳಿಯಲೊಲ್ಲದು. ಮೋದೀನ ಮತ್ತು ನಾನು ಮಂಡಳಿಯ ದಾರಿ ಕಾಯುವುದನ್ನು ಬಿಟ್ಟೆವು. ಕೇಂದ್ರದಲ್ಲಿ ಬದಲಿಸಿ ಇಟ್ಟಿದ್ದ ಹಳೆಯ ತಂಪುಗೋಡೆಯೊಂದನ್ನು ಕೇಳಿ ತಂದು, ಹಾಡಹಗಲೇ, ನಡಿಗೆಯ ಗುಂಪು ಹಾದುಹೋಗುತ್ತಿರುವಾಗಲೇ ಅವನ ಮನೆಯಲ್ಲಿ ಕೂರಿಸಿದೆವು. ಅವತ್ತು, ಹುಟ್ಟಿದ ಮೇಲೆ ಮೊದಲ ಸಲ, ಕೂಸು ಎಚ್ಚರವಾಗದೆ ನಿದ್ದೆ ಮಾಡಿತು. ಜೈನಾಬಿ ಗೋಡೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದಳು. ಮಾರನೆಯ ದಿನ ಮಂಡಳಿಯ ಒಬ್ಬ ಹೆಣ್ಣು ಅಧಿಕಾರಿ ಬಂದರು, ಎಲ್ಲರೂ ಬಾಯಾರು ಎಂದು ಕರೆಯುವವರು. ಜಗಳವಾಗುತ್ತದೆಂದು ನಾವು ಸಜ್ಜಾಗಿದ್ದೆವು. ಅವರು ಮೆತ್ತಗಿನ ದನಿಯಲ್ಲಿ ಮಾತಾಡಿದರು.

“ಗ್ವಾಡಿ ಇರ್ಲಿ ಬಿಡ್ರಿ, ನಾವೇನ ಮನಷ್ಯಾರಲ್ಲೇನು? ಮ್ಯಾಲೆ ಹಳೇ ಸುಣ್ಣ ಬಳಿಸಿ ಕೊಡತೀವಿ. ನಡಿಗಿ ಬಂದಾಗ ಅಷ್ಟ ಬಂದ್ ಮಾಡ್ರಿ. ಬೆವರು ಕಾಣಬೇಕ ನೋಡ್ರಿ.”

ಜೈನಾಬಿ ಕೂಸನ್ನು ಎದೆಗೆ ಅವಚಿಕೊಂಡೇ ಕೇಳಿದಳು, “ಕೂಸು ಉಸರಾಡೂದನ್ನೂ ಬಂದ್ ಮಾಡ್ಲೇನ್ರಿ ಬಾಯಾರ?”

ಆ ವಾರವೇ ಜೈನಾಬಿ ಮತ್ತು ಮೋದೀನ ಮನೆ ಬಿಟ್ಟು ಗದಗಿನ ಆಚೆಯ ಬಿಡಾರದಲ್ಲಿರುವ ಅವಳ ನಾದಿನಿಯ ಹತ್ತಿರ ಹೋದರು. ಅಲ್ಲಿ ಬಿಸಿಲು ಹೆಚ್ಚು, ಆದರೆ ನೆಲ ತೋಡಿ ಮಾಡಿದ ತಂಪು ಕೋಣೆ ಇದೆ. ಅದರ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳಬಹುದು. ಅವರ ಮನೆಯಲ್ಲಿ ಈಗ ನಟರಿದ್ದಾರೆ. ತೊಟ್ಟಿಲಲ್ಲಿ ಅಳುವ ಗೊಂಬೆ ಮಲಗಿಸಿದ್ದಾರೆ.

ಮುಗಿಯಿತೆಂದುಕೊಂಡೆ. ಕೆಲವು ವಾರದ ಮೇಲೆ ಒಬ್ಬ ಪ್ರವಾಸಿ ಹೆಂಗಸು ನನ್ನ ಬಾಗಿಲಲ್ಲಿ ನಿಂತು, ಪರಿಚಯದವಳ ಹಾಗೆ ನಕ್ಕು, ತನ್ನ ಕಿವಿಬೀಜ ತೆಗೆದು ನನ್ನ ಕಿವಿಗಿಟ್ಟಳು. ಒಳಗೆ ನಾನೇ ಇದ್ದೆ. “ನಿನ್ನ ನಡಿಗಿಗಿಷ್ಟು ಬೆಂಕಿ ಹಚ್ಚಲಿ” ಎನ್ನುತ್ತಿದ್ದೆ. ಹಿಂದೆ ಜೈನಾಬಿಯ ಚೀರಾಟ, ಅದರ ಹಿಂದೆ ಮೆಲ್ಲಗೆ ನಿಮ್ಮ ಹಾಡು. ಅವತ್ತು ಕಿವಿಬೀಜಗಳು ಹಿಡಿದಿಟ್ಟುಕೊಂಡದ್ದನ್ನು ನಡಿಗೆಗೆ ಸೇರಿಸಿದ್ದರು, ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದು ಅದನ್ನೇ ಅಂತೆ.

“ನಿಮ್ಮ ದನಿ ಭಾಳ ಚೊಲೋ ಬಂದೈತ್ರಿ,” ಎಂದಳು ಆಕೆ. “ಒಮ್ಮೆ ನನಗೂ ಬೈಯ್ರಲ್ಲ.”

ಬೈಯಲು ಬಾಯಿ ತೆರೆದೆ. ಏನು ಬೈದರೂ ಅದು ಅವಳಿಗೆ ಸಿಹಿಯೇ ಎಂದು ಹೊಳೆಯಿತು. ಒಳಗೆ ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡು, ಬಂದು ಅವಳ ಮುಖದ ಮೇಲೆಯೇ ಬಾಗಿಲು ಹಾಕಿದೆ. ಮತ್ತೆ ತೆರೆಯಲಿಲ್ಲ. ಹೋಗಿಬರುವುದೆಲ್ಲ ಹಿತ್ತಿಲಿಂದ. ಈ ಬೇಸಿಗೆ ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕೆಂದು ಆಜ್ಞೆ ಬಂದಿದೆ. ಮಾಡುತ್ತೇನೆ. ಫಕೀರವ್ವನೂ ನನ್ನ ಜೊತೆ ಗದಗಿಗೆ ಬರುತ್ತೇನೆಂದಿದ್ದಾಳೆ.

ಹುಲಿಗೆವ್ವನವರೆ, ನೀವು ಹೆಸರು ಮಾಡಿದ ಮೇಲೆ ಒಂದು ದಿನ ಯಾರೋ ನಿಮ್ಮನ್ನು ಓಣಿಯ ಬಗ್ಗೆ ಕೇಳುತ್ತಾರೆ. ನೀವು ಪ್ರೀತಿಯಿಂದ, “ನಮ್ಮ ಓಣೀನs ನಮ್ಮ ಹಾಡು. ಅದು ಹಿಂಗs ಇರ್ಲಿ” ಎನ್ನುತ್ತೀರಿ. ಆ ಮಾತನ್ನು ಕಟ್ಟಳೆಯ ಮೊದಲ ಸಾಲಿಗೆ ಬರೆದಿದ್ದಾರೆ. ಓಣಿಯ ಬಾಯಲ್ಲಿ ಕಲ್ಲಿನ ಮೇಲೂ ಕೆತ್ತಿದ್ದಾರೆ. ಯಾರು ಏನು ಕೇಳಿದರೂ ಆ ಕಲ್ಲನ್ನು ತೋರಿಸುತ್ತಾರೆ.

ಜೈನಾಬಿ ಗಂಟುಮೂಟೆ ಕಟ್ಟುವಾಗ ತನ್ನ ಮನೆತನದವರು ಹೇಳಿಕೊಂಡು ಬಂದ ಬೇರೊಂದು ಮಾತು ಹೇಳಿದಳು. ಒಂದು ಮಳೆಗಾಲದಲ್ಲಿ ಹೊಲಸು ನೀರು ಮನೆಗೆ ನುಗ್ಗಿ ನಿಮ್ಮ ತಮ್ಮನಿಗೆ ವಾಂತಿಭೇದಿ ಹಿಡಿದಿತ್ತಂತೆ. ನೀವು ಸಿಟ್ಟಿನಿಂದ ದಾವಲಸಾಬನನ್ನು ಕರೆದುಕೊಂಡು ವಾರ್ಡ್ ಆಫೀಸಿನ ಮುಂದೆ ನಿಂತಿರಂತೆ. ಅವನು ಡಬ್ಬಿ ಬಡಿದ, ನೀವು ಕಂಠ ಹರಿಯುವ ಹಾಗೆ ಕೂಗಿದಿರಿ. ಆ ಕೂಗಿಗೇ ತಾಳ ಕೂಡಿಕೊಂಡು ನಿಮ್ಮ ಮೊದಲ ಹಾಡಾಯಿತಂತೆ. ನಡಿಗೆಯಲ್ಲಿ ಈ ಕಥೆ ಇಲ್ಲ. ಅದು ನಿಜವೋ ಸುಳ್ಳೋ ನಿಮಗೆ ಗೊತ್ತು. ನಿಮ್ಮ ಹಾಡು ಕೇಳಿದಾಗಲೆಲ್ಲ ನಿಜವೇ ಇರಬೇಕು ಅನಿಸುತ್ತದೆ. ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಗುನುಗಿದರೇ ಹಸೀನಾ ಮಲಗುತ್ತಾಳೆಂದು ಗದಗಿನಿಂದ ಹೇಳಿ ಕಳಿಸಿದ್ದಾರೆ.

ಅದಕ್ಕೇ ಒಂದು ಬೇಡಿಕೆ. ಆ ದಿನ ಬಂದಾಗ, ಕೇಳಿದವರ ಮುಂದೆ, ಪ್ರೀತಿಯ ಮಾತು ಹೇಳಬೇಡಿ. ಈ ಓಣಿಯಲ್ಲಿ ಬದುಕುವುದು ನಿಮಗೆ ಹೇಸಿಗೆಯಾಗಿತ್ತು ಎಂದು ಹೇಳಿ. ಆ ಹೇಸಿಗೆಗೇ ನೀವು ಹಾಡಿದಿರಿ ಎಂದು ಹೇಳಿ. ಎಲ್ಲರಿಗೂ ಕೇಳುವ ಹಾಗೆ, ನಿಮ್ಮ ಆ ದೊಡ್ಡ ದನಿಯಲ್ಲಿ ಹೇಳಿ. ನಾವು ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ. ನಿಮ್ಮ ಮಾತಾದರೆ ಕೇಳಲೇಬೇಕಾಗುತ್ತದೆ.

ನಿಮ್ಮ ಮನೆಯನ್ನು ಇಷ್ಟು ದಿನ ಗುಡಿಸಿ ಸಾರಿಸಿದವಳು,
ಕಾಶವ್ವ