ಕುಲುಮೆಯ ಹೊಸ್ತಿಲು

ಸುಕೋಹರ್ಜೊ,
೨೩ ಆಗಸ್ಟ್ ೧೯೮೮

ಪ್ರೀತಿಯ ಮಗ ಗುನಾದಿ,

ಹೇಗಿದ್ದೀಯಪ್ಪ? ಹಡಗಿನ ಅಡುಗೆಮನೆಯ ಸೆಕೆಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಎಂದು ನೀನು ಬರೆದಿದ್ದೆ, ಈಗ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಅಂಗೈಯ ಸುಟ್ಟಗಾಯ ಮಾಯುತ್ತಿದೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ, ಬಾಯಿ ಒಂದು ಬಿಟ್ಟು ಮಿಕ್ಕೆಲ್ಲ ಅಂಗಗಳೂ ಕೆಲಸ ಮಾಡುತ್ತಿವೆ.

"ದೊಡ್ಡಪ್ಪನ ಹತ್ರ ತಪ್ಪಾಯ್ತು ಅಂದ್ಬಿಡಮ್ಮ, ಮುಗಿದುಹೋಗ್ಲಿ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಮೈಯೆಲ್ಲ ಉರಿದುಹೋಯಿತು. ಯಾವ ತಪ್ಪು ಮಗನೇ? ಶುಕ್ರವಾರ ಮಧ್ಯಾಹ್ನ ಗಂಡಸರೆಲ್ಲ ಮಸೀದಿಯಲ್ಲಿದ್ದಾಗ ಕುಲುಮೆಯ ಕಿಡಿ ಸೂರಿಗೆ ಹತ್ತಿತು. ಕಂಚು ಕಾಯಿಸಿ ಜಾಗಟೆ ಬಡಿದು ಮಾಡುವ ಕುಲುಮೆಮನೆಯ ಹೊಸ್ತಿಲನ್ನು ಹೆಂಗಸರು ದಾಟಬಾರದು, ದಾಟಿದರೆ ಕಂಚು ಬಿರುಕು ಬಿಡುತ್ತದೆ ಎನ್ನುತ್ತಾರೆ, ಗೊತ್ತು. ಮದುವೆಯಾಗಿ ಬಂದಂದಿನಿಂದ ದಾಟಿರಲಿಲ್ಲ. ನಿಮ್ಮಪ್ಪನ ಚಹಾ ಲೋಟವನ್ನೂ ಹೊರಗಿನ ಕಲ್ಲಿನ ಮೇಲಿಟ್ಟು ಕೂಗುತ್ತಿದ್ದವಳು ನಾನು. ಅಂದು ದಾಟಿದೆ. ನಿಮ್ಮ ತಾತನ ಸುತ್ತಿಗೆ, ಇಕ್ಕಳಗಳನ್ನು ಒಂದೊಂದಾಗಿ ಎಳೆದು ಅಂಗಳಕ್ಕೆ ಹಾಕಿದೆ. ಗಾಳಿ ಊದುವ ತಿದಿ ಉಳಿಯಲಿಲ್ಲ, ಕುಲುಮೆಮನೆಯೂ ಸುಟ್ಟುಹೋಯಿತು.

ನಮಾಜು ಮುಗಿಸಿ ಓಡಿಬಂದ ದೊಡ್ಡಪ್ಪ ಕರ್ಸಾನ್ ನನ್ನ ಕೈ ನೋಡಲಿಲ್ಲ, ಕಾಲು ನೋಡಿದರು. "ಒಳಗೆ ಹೋಗಿದ್ಯಾ? ಇನ್ನು ಆ ಸುತ್ತಿಗೆಯಲ್ಲಿ ಯಾವ ಜಾಗಟೆ ಬಡಿದ್ರೂ ಒಡೆಯುತ್ತೆ" ಅಂದರು. "ನೀವು ಬರೋವರೆಗೂ ಬೆಂಕಿ ಕೈಕಟ್ಟಿ ನಿಂತಿರ್ತಿತ್ತಾ ಭಾವ?" ಎಂದೆ. ನಿಮ್ಮಪ್ಪ ನೆಲ ನೋಡುತ್ತಾ ನಿಂತಿದ್ದರು.

ಹೊಸ ಕುಲುಮೆಗೆ ಇಟ್ಟಿಗೆ ಹೊತ್ತವರು ನಾವು ಹೆಂಗಸರೇ. ಗೋಡೆ ಏಳುವವರೆಗೆ ಅಕ್ಕ ಬಾ, ಅತ್ತಿಗೆ ಬಾ. ಮಾಡು ಹೊದಿಸಿದ ಕೂಡಲೇ ಆಚೆ ನಿಲ್ಲಿ! ಈಗ ನನ್ನ ತಪ್ಪಿಗೆ ಶಾಂತಿಯೂಟ ಆಗಬೇಕಂತೆ, ಆಗದೆ ಕುಲುಮೆ ಹೊತ್ತಿಸುವಂತಿಲ್ಲವಂತೆ. ಗೋಪುರ ಕಟ್ಟಿದ ಅರಿಸಿನದ ಅನ್ನ, ತೆಂಗಿನ ಹಾಲಿನಲ್ಲಿ ಬೆಂದ ಕೋಳಿ. ಬೇಯಿಸುವವಳು ಯಾರು? ನಾನೇ! ನಾನು ಹೊಗೆ ಕುಡಿದು ಅಡುಗೆ ಮಾಡಬೇಕು, ಅವರು ಉಂಡು ತೇಗಿ ನನ್ನನ್ನು ಕ್ಷಮಿಸಬೇಕು. ಒಲೆ ಹಚ್ಚುವುದಿಲ್ಲ ಎಂದುಬಿಟ್ಟೆ. ದೊಡ್ಡಪ್ಪ ಕುಲುಮೆಯಲ್ಲಿ ದುಡಿಯುವ ತಮ್ಮ ಮಕ್ಕಳನ್ನೂ ಕರೆದುಕೊಂಡು ಎದ್ದುಹೋದರು. ಅಂದಿನಿಂದ ಕುಲುಮೆ ತಣ್ಣಗೆ ಬಿದ್ದಿದೆ. ನಿಮ್ಮಪ್ಪ ಅದರ ಮುಂದೆ ಸಿಗರೇಟು ಸೇದುತ್ತಾ ಕೂತಿರುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ. ಆದರೂ ತಪ್ಪಾಯಿತು ಎಂದು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ.

ಕಡಲು ನಿನ್ನನ್ನು ಮೆಲ್ಲಗೆ ತೂಗಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ತಾಯಿ
ಸುಪರ್ಮಿ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಬಂದು ನಿಂತರು. "ಹೊಸ ತಿದಿ ಒತ್ತೋಕೆ ಜನ ಇಲ್ಲ ಕಣೇ. ನೀನೇ ಬಾ" ಅಂದರು. ಶಾಂತಿಯೂಟದ ಸೊಲ್ಲೇ ಇಲ್ಲ. "ಜಾಗಟೆ ಬಿರುಕು ಬಿಟ್ರೆ?" ಎಂದೆ. "ಬಿಟ್ರೆ ಕರಗಿಸಿ ಮತ್ತೆ ಬಡಿಯೋಣ" ಅಂದರು. ಬೆಂಕಿಗೆ ನಮ್ಮ ನಿಜವಾದ ಹೆಸರು ತಿಳಿಯಬಾರದಲ್ಲ, ಕುಲುಮೆಗೆ ಇಳಿಯುವ ಗಂಡಸರೆಲ್ಲ ಪಂಜಿ ರಾಜಕುಮಾರನ ಹಳೆಯ ಕಥೆಯಿಂದ ಒಂದೊಂದು ಹೆಸರು ಇಟ್ಟುಕೊಳ್ಳುವಂತೆ, ಒಳಗೆ ಹೋಗಲು ನನಗೂ ಒಂದು ಬೇಕಿತ್ತು. ಕುಲುಮೆಯಲ್ಲಿ ನಿನಗಿಟ್ಟಿದ್ದ ಹೆಸರು ನೀನು ಹಡಗು ಹತ್ತಿದ ಮೇಲೆ ಖಾಲಿ ಬಿದ್ದಿತ್ತು, ಅದನ್ನೇ ಕೇಳಿದೆ, ಕೊಟ್ಟರು. ನೀನು ವಾಪಸು ಬಂದರೆ ಬೇರೆ ಹೆಸರು ಹುಡುಕಿಕೋ ಮಗನೇ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.